ಅಕ್ಕನ ಶೂ ಹಾಕಿಕೊಂಡು ಹತ್ತಿದ ಬೆಟ್ಟ

ಅಕ್ಕನ ಶೂ ತನಗೆ ದೊಡ್ಡದಾಗಿದೆ ಎಂದು ಅವಳು ಒಪ್ಪಿಕೊಂಡದ್ದು ತನ್ನೊಬ್ಬಳಿಗೇ. ತುದಿಗೆ ಹತ್ತಿ ತುರುಕಿದ್ದರೂ ಹೆಜ್ಜೆ ಎತ್ತಿದಾಗೆಲ್ಲ ಹಿಮ್ಮಡಿ ಜಾರಿ ಹೊರಗೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ದಿಢೀರನೆ ಡ್ಯೂಟಿ ಬಿದ್ದು ಅಕ್ಕನಿಗೆ ಈ ಚಾರಣಕ್ಕೆ ಬರಲಾಗಲಿಲ್ಲ. "ನನ್ನ ಸೀಟಲ್ಲಿ ನೀನು ಹೋಗು. ಡಿಗ್ರಿ ಮುಗಿಸಿ ಗೋಡೆಗೆ ಒರಗಿ ಕೂತಿದ್ದು ಸಾಕು, ಗೋಡೆಗೂ ಬೇಜಾರಾಗಿರತ್ತೆ" ಎಂದು ಶೂ, ಜಾಕೆಟ್ಟು ಎರಡನ್ನೂ ಕೈಗೆ ತುರುಕಿ ಹೊರಟೇಬಿಟ್ಟಿದ್ದಳು.

ಬೆಟ್ಟದ ಬುಡದಲ್ಲಿ ಗೈಡು ಮೊಬೈಲಿನಲ್ಲಿ ಬಂದವರ ಪಟ್ಟಿ ನೋಡಿಕೊಂಡು, "ನರ್ಸಮ್ಮ ಯಾರು?" ಎಂದು ಕೂಗಿದ. ಎಲ್ಲರ ಕಣ್ಣೂ ಅವಳ ಜಾಕೆಟ್ಟಿನ ಮೇಲಿದ್ದ ಆಸ್ಪತ್ರೆಯ ಹೆಸರಿನ ಮೇಲೆ ಬಿತ್ತು. ನಾನಲ್ಲ, ಅವಳ ತಂಗಿ ಎನ್ನಬೇಕಿತ್ತು. ಹೌದೆಂದು ತಲೆಯಾಡಿಸಿದಳು.

"ಅಬ್ಬ, ಬಚಾವಾದ್ವಿ! ನೀವು ಕೊನೇಲಿ ಬನ್ನಿ ಮೇಡಂ, ಬಿದ್ದವರನ್ನ ಆಯ್ಕೊಂಡು."

ಎಲ್ಲರೂ ನಕ್ಕರು. ಅವಳೂ ನಕ್ಕಳು, ಅಕ್ಕ ನಗುವ ಹಾಗೆ.

ಮುಂದೆ ಹೊಸದಾಗಿ ಮದುವೆಯಾದ ಜೋಡಿ. ಅವರಿಗೆ ಬೆಟ್ಟವೂ ಕಾಣುತ್ತಿರಲಿಲ್ಲ, ಇವಳಂತೂ ಇಲ್ಲವೇ ಇಲ್ಲ. ಕಲ್ಲುಬಂಡೆಗೆ ಬಿಗಿದ ಸರಪಳಿ ಹಿಡಿದು ಏರುವಾಗ ಮೇಲಿನವರ ಮಾತು ಗಾಳಿಯಲ್ಲಿ ಅರ್ಧರ್ಧ ತೇಲಿಬರುತ್ತಿತ್ತು. ಯಾರೂ ಬೀಳಲಿಲ್ಲ, ಹಾಗಾಗಿ ಯಾರೂ ಹಿಂದೆ ತಿರುಗಿ ನೋಡಲೂ ಇಲ್ಲ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಹೇಳಿದರೆ, ನರ್ಸಿಗೇ ಬೊಬ್ಬೆಯಾ ಅಂದಾರು.

ಅವಳಿಗಾಗಿ ನಿಂತದ್ದು ಒಬ್ಬರೇ, ಬಟ್ಟೆ ಹೊಲಿಯುವ ಟೈಲರ್ ಆಂಟಿ. ದಪ್ಪಗಿದ್ದರು, ಮಾತಿಗೊಮ್ಮೆ ಏದುಸಿರು.

"ಜಾಕೆಟ್ಟು ಯಾರು ಹೊಲಿದಿದ್ದು ನರ್ಸಮ್ಮ? ನೀವು ಅದರೊಳಗೆ ಬಾಡಿಗೆಗೆ ಇದ್ದಂಗಿದೆ!"

ಅವಳು ತಲೆ ತಗ್ಗಿಸಿದಳು. ಆಂಟಿ ಮಾತ್ರ ಅಲ್ಲಿಂದ ಮುಂದೆ ಅವಳ ಜೊತೆಯಲ್ಲೇ ನಡೆದರು. ಕಷ್ಟದ ತಿರುವಿನಲ್ಲಿ ಅವಳ ಕೈ ಹಿಡಿದರು. ಎಷ್ಟೋ ದಿನದಿಂದ ಯಾರೂ ಹಿಡಿಯದ ಕೈ. ಆದರೆ ಆಂಟಿ ಹಿಡಿದದ್ದು ನರ್ಸಿನ ಕೈಯನ್ನು, ಅಂದರೆ ಅಕ್ಕನದನ್ನು. ಅದು ಗೊತ್ತಿದ್ದೂ ಅವಳು ಬಿಡಿಸಿಕೊಳ್ಳಲಿಲ್ಲ.

ಸರಪಳಿಯ ದಾರಿ ಮುಗಿದಲ್ಲಿ ಒಂದು ಗುಹೆ, ಅದರ ಬಾಯಿ ಮೊಣಕಾಲೆತ್ತರಕ್ಕಿತ್ತು. ತಣ್ಣನೆಯ ಗಾಳಿ ಒಳಗಿನಿಂದ ಬಂದು ಮುಖಕ್ಕೆ ಹೊಡೆಯುತ್ತಿತ್ತು. "ಹೊಟ್ಟೆ ಮೇಲೆ ತೆವಳಬೇಕು. ಆಚೆಗೆ ದೊಡ್ಡ ಹಜಾರ ಇದೆ. ಮಧ್ಯದಲ್ಲಿ ತಿರುಗೋಕೆ ಆಗಲ್ಲ, ಈಗಲೇ ಯೋಚನೆ ಮಾಡ್ಕೊಳ್ಳಿ," ಎಂದ ಗೈಡು. ತಲೆಯ ಮೇಲಿನ ದೀಪ ಹೊತ್ತಿಸಿ ಒಳಗೆ ನುಸುಳಿದ. ಅವನ ಹಿಂದೆ ಜೋಡಿ, ಉಳಿದವರು ಸಾಲಾಗಿ ತಯಾರಾದರು.

ಆಂಟಿ ಎದೆ ಮೇಲೆ ಕೈಯಿಟ್ಟು ಅವಳ ಕಿವಿಯ ಹತ್ತಿರ ಬಂದರು. "ಹೋದ ವರ್ಷ ಹಾರ್ಟ್ ಆಪರೇಷನ್ ಆಗಿದೆ. ಮಗಳಿಗೆ ಹೇಳದೇನೇ ಬಂದಿದ್ದೀನಿ. ಇಲ್ಲಿಗೇ ನಿಲ್ಲೋಣ ಅಂದ್ಕೊಂಡಿದ್ದೆ, ನೀವಿರೋದು ನೋಡಿ ಧೈರ್ಯ ಬಂತು. ನಾಡಿ ನೋಡಿ ಹೇಳ್ರಮ್ಮ, ಹೋಗಲಾ?"

ಮುಂಗೈ ಚಾಚಿದರು. ಅವಳು ಅಕ್ಕನ ಹಾಗೆಯೇ ಎರಡು ಬೆರಳಿಟ್ಟಳು. ಚರ್ಮದಡಿ ಏನೋ ಪಟಪಟ ಕುಣಿಯುತ್ತಿತ್ತು. ಅದು ಹೆಚ್ಚೋ ಕಡಿಮೆಯೋ ಅವಳಿಗೆ ಎಲ್ಲಿ ತಿಳಿಯಬೇಕು? ಬೇಡ ಎಂದುಬಿಟ್ಟರೆ ಸಾಕಿತ್ತು. ಆಂಟಿ ಮರುಮಾತಾಡದೆ ಉಳಿಯುತ್ತಿದ್ದರು. ಇಬ್ಬರೂ ಬಿಸಿಲಲ್ಲಿ ಕೂತು, ಸಂಜೆಯವರೆಗೂ ಅವಳು ನರ್ಸಮ್ಮನಾಗಿಯೇ ಇರಬಹುದಿತ್ತು. ಆ ಕೈಯೂ ಅವಳದಾಗಿಯೇ ಇರುತ್ತಿತ್ತು.

ಆಂಟಿ ಅವಳ ಮುಖವನ್ನೇ ನೋಡುತ್ತಿದ್ದರು. ಯಾರೂ ಅವಳನ್ನು ಹೀಗೆ ನಂಬಿ ನೋಡಿರಲಿಲ್ಲ. ಆ ನಂಬಿಕೆಯ ಎದುರು, ಬೇಡ ಎನ್ನುವ ಒಳ್ಳೆಯ ಮಾತೂ ಅವಳ ಬಾಯಲ್ಲಿ ಸುಳ್ಳಾಗುತ್ತಿತ್ತು.

ಅವಳು ಬೆರಳು ತೆಗೆದಳು.

"ಆಂಟಿ, ನಾನು ನರ್ಸ್ ಅಲ್ಲ. ನರ್ಸ್ ನಮ್ಮಕ್ಕ. ನಂಗೆ ನಾಡಿ ನೋಡೋಕೆ ಬರಲ್ಲ."