ಭೂತಬಂಗಲೆಯೊಳಗಿನ ಬುತ್ತಿ

ಬನಹಟ್ಟಿಯ ಗುರುಸಿದ್ದನಿಗೆ ಕೊನೆಗೂ ಒಂದು ಹುಡುಗಿ ಮನಸ್ಸಿಗೆ ಬಂದಿದ್ದಳು, ಆದರೆ ಆ ಹುಡುಗಿ ಹಾಲು ಕುಡಿಯುತ್ತಿರಲಿಲ್ಲ. ಬರೀ ಹಾಲಲ್ಲ, ಮೊಸರು, ಬೆಣ್ಣೆ, ತುಪ್ಪ, ಪೇಢೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಇದಕ್ಕೆ ವೀಗನ್ ಅನ್ನುತ್ತಾರೆಂದು ಅಕ್ಷತಾ ಅವನಿಗೆ ಜಮಖಂಡಿಯಲ್ಲಿ ಹುಡುಗಿ ನೋಡುವ ಶಾಸ್ತ್ರದ ದಿನವೇ ಹೇಳಿದ್ದಳು. ಕರುವಿನ ಪಾಲಿನ ಹಾಲು ಕರುವಿಗೇ ಇರಲಿ ಎಂಬುದು ಅವಳ ಮಾತು. ಗುರುಸಿದ್ದನಿಗೆ ಅದು ಅರ್ಥವಾಗಿತ್ತು. ಅರ್ಥವಾಗದಿದ್ದರೂ ಹೂಂ ಅನ್ನುತ್ತಿದ್ದ, ಏಕೆಂದರೆ ಹೇಳುವಾಗ ಅವಳು ಅವನತ್ತ ನೋಡಿ ನಕ್ಕಿದ್ದಳು.

ಅಕ್ಷತಾಳಿಗೆ ಹಿಂದೆ ಬಂದ ಸಂಬಂಧಗಳೆಲ್ಲ ಇದೇ ಕಾರಣಕ್ಕೆ ಮುರಿದಿದ್ದವು. ಒಂದು ಮನೆಯವರಂತೂ ಹೋಳಿಗೆಯ ಮಡಿಕೆಯಲ್ಲಿ ತುಪ್ಪ ಅಡಗಿಸಿ ತಿನ್ನಿಸಿ, ತಿಂದರೆ ಏನಾಯಿತು ನೋಡು ಎಂದು ಚಪ್ಪಾಳೆ ತಟ್ಟಿದ್ದರು. ಹಾಗಾಗಿ ಈ ಸಲ ಅಕ್ಷತಾ ಮೊದಲೇ ಶರತ್ತು ಹಾಕಿದಳು. ತನ್ನ ಊಟದ ವಿಷಯವನ್ನು ಗುರುಸಿದ್ದನೇ ತಾಯಿಗೆ ನೇರವಾಗಿ ಹೇಳಬೇಕು. ಆಮೇಲೆ ಒಂದು ದಿನ ಎಲ್ಲರೂ ಕೂಡಿ ಎಲ್ಲಿಯಾದರೂ ಹೊರಗೆ ಹೋಗಬೇಕು. ಆ ದಿನ ಅವಳ ಹೊಟ್ಟೆ ತುಂಬಿದರೆ ಮದುವೆ, ಇಲ್ಲವಾದರೆ ದೂರದಿಂದ ನಮಸ್ಕಾರ.

ಹೊರಗೆ ಹೋಗುವುದೇನೋ ಸುಲಭ. ಮುಧೋಳದಿಂದ ಬೀಳಗಿಗೆ ಹೋಗುವ ದಾರಿಯಲ್ಲಿ ಹೊಸ ಮೋಜಿನ ಪಾರ್ಕ್ ಎದ್ದಿತ್ತು. ಕಷ್ಟವಿದ್ದದ್ದು ತಾಯಿಗೆ ಹೇಳುವುದರಲ್ಲಿ. ಮುತ್ತವ್ವ ಮಗ್ಗದ ಶೆಡ್ಡಿನ ಹಿಂದೆ ಎರಡು ಎಮ್ಮೆ ಸಾಕಿದವಳು; ಗಂಡ ಉಂಡನೇ ಎಂದು ಕೇಳುವ ಮೊದಲು ಎಮ್ಮೆ ತಿಂದವೇ ಎಂದು ಕೇಳುವವಳು. ಮನೆಗೆ ಬಂದವರ ತಟ್ಟೆಗೆ ಅವಳು ತುಪ್ಪ ಹಾಕುತ್ತಿದ್ದದ್ದು ಕೇಳಿ ಅಲ್ಲ, ನೋಡಿಯೂ ಅಲ್ಲ. ಬಾಯಿ ಊರ ಸುದ್ದಿ ಹೇಳುತ್ತಿದ್ದರೆ ಕೈ ತನ್ನ ಪಾಡಿಗೆ ತಾನು ಸುರಿಯುತ್ತಿತ್ತು. ಬೇಡವೆಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದವರಿಗೆ ಕೈ ಮೇಲೆಯೇ ಬೀಳುತ್ತಿತ್ತು.

ಇಂಥ ತಾಯಿಗೆ ವೀಗನ್ ಎಂಬುದನ್ನು ಹೇಗೆ ಹೇಳುವುದು? ಗುರುಸಿದ್ದ ದಿನವೂ ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ, ನೀರು ಕುಡಿದು ವಾಪಸ್ ಬರುತ್ತಿದ್ದ. ಕೊನೆಗೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಉಪಾಯ ಮಾಡಿ, "ಅವ್ವಾ, ಆಕೀದು ಒಂದು ವ್ರತ ಐತಿ. ಎಲ್ಲಾ ತಿನ್ನೂದಿಲ್ಲ" ಅಂದುಬಿಟ್ಟ.

ಮುತ್ತವ್ವನ ಕಣ್ಣು ತುಂಬಿ ಬಂತು. ಈ ಕಾಲದಲ್ಲಿ ವ್ರತ ಹಿಡಿಯುವ ಸೊಸೆ ಸಿಗುವುದೆಂದರೆ ಹಿಂದಿನ ಜನ್ಮದ ಪುಣ್ಯ ಎಂದಳು. ಹುಡುಗಿ ಉಪವಾಸವಿರುವಾಗ ತಾವು ಹೊಟ್ಟೆ ತುಂಬ ಉಣ್ಣುವುದು ಛಲೋ ಕಾಣುವುದಿಲ್ಲವೆಂದು, ಆ ದಿನ ಇಡೀ ಮನೆಗೇ ಉಪವಾಸ ಎಂದು ಸಾರಿದಳು. ಗುರುಸಿದ್ದ ಬೆವರಿದ. ಅವರ ಮನೆಯಲ್ಲಿ ವ್ರತವೆಂದರೆ ಉಪವಾಸ, ಉಪವಾಸವೆಂದರೆ ಹಾಲು ಎಂಬುದು ಅವನಿಗೆ ಆಗ ನೆನಪಾಯಿತು.

ಭಾನುವಾರ ಎಲ್ಲರೂ ಪಾರ್ಕಿಗೆ ಬಂದರು. ಸಿಮೆಂಟಿನಲ್ಲಿ ಕಟ್ಟಿದ ಭಾರೀ ಮುಧೋಳ ನಾಯಿಯ ಬಾಯಿಯೇ ಅದರ ಬಾಗಿಲು. ಹೊರಗಿನ ತಿಂಡಿ ತರಬಾರದೆಂದು ನಾಯಿಯ ಹಲ್ಲಿಗೆ ಬೋರ್ಡು ತೂಗುಹಾಕಿದ್ದರು. ಮುತ್ತವ್ವ ಕಾವಲುಗಾರನ ಮುಂದೆ ಚೀಲ ಬಿಚ್ಚಿದಳು. ಒಂದು ಕ್ಯಾನು ಹಾಲು, ಗಡಿಗೆ ಮೊಸರು, ಪೇಢೆ, ತುಪ್ಪದಲ್ಲಿ ಮುಳುಗಿದ ಸಾಬೂದಾಣಿ ಕಿಚಡಿ, ಅದರ ಮೇಲೆ ಹಾಕಲು ಮತ್ತೊಂದು ಡಬ್ಬಿ ತುಪ್ಪ. ಸೊಸೆಯಾಗುವವಳ ವ್ರತದ ಫಲಾಹಾರ ಎಂದಾಗ ಕಾವಲುಗಾರ ಚಪ್ಪಲಿ ಬಿಟ್ಟು ಕೈಮುಗಿದು ಒಳಗೆ ಕಳಿಸಿದ. ಮುತ್ತವ್ವನ ಗಂಡ ಮುರಗೆಪ್ಪನ ಹೆಗಲ ಮೇಲಿದ್ದ ಸೀರೆಯ ಗಂಟಿನ ಬಗ್ಗೆ ಯಾರೂ ಕೇಳಲಿಲ್ಲ. ಆತ ಸೀರೆ ವ್ಯಾಪಾರಿ. ಮದುವೆಗೆ ಹೋದರೂ ಮಣ್ಣಿಗೆ ಹೋದರೂ ಆ ಗಂಟು ಜೊತೆಗಿರುತ್ತಿತ್ತು.

ಅಕ್ಷತಾಳ ಜೊತೆ ಬಂದಿದ್ದ ಅತ್ತಿಗೆ ವೈಶಾಲಿ ನೀರಿನ ಜಾರುಬಂಡೆ ಕಂಡದ್ದೇ ತಡ, ಅದರೊಳಗೆ ಹೋದವಳು ಸಂಜೆಯವರೆಗೆ ಹೊರಗೆ ಬರಲಿಲ್ಲ. ಮುತ್ತವ್ವ ಮರದ ಕೆಳಗೆ ಚಾಪೆ ಹಾಸಿ ಮೊದಲ ಗ್ಲಾಸು ಹಾಲು ಬಗ್ಗಿಸಿ ಮಗನ ಕೈಗಿಟ್ಟು, ಆಟಗಳ ಕಡೆ ಹೋಗಿದ್ದ ಅಕ್ಷತಾಳಿಗೆ ಕೊಟ್ಟು ಬಾ ಎಂದಳು. ಗುರುಸಿದ್ದ ಐಸ್‌ಕ್ರೀಮ್ ಅಂಗಡಿಯ ಹಿಂದೆ ಹೋಗಿ ತಾನೇ ಕುಡಿದು, ಖಾಲಿ ಗ್ಲಾಸು ತಂದುಕೊಟ್ಟ. ಹುಡುಗಿ ಎಷ್ಟು ಬೇಗ ಕುಡಿದಳು ನೋಡು, ಪಾಪ ಹಸಿದಿದ್ದಾಳೆ ಎಂದು ಮುತ್ತವ್ವ ಮತ್ತೊಂದು ಬಗ್ಗಿಸಿದಳು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತಾಯಿತು. ಮಧ್ಯಾಹ್ನದ ಹೊತ್ತಿಗೆ ಅರ್ಧ ಕ್ಯಾನು ಹಾಲು, ಅದರ ಮೇಲೆ ಪೇಢೆ, ಎಲ್ಲ ಗುರುಸಿದ್ದನ ಹೊಟ್ಟೆಯಲ್ಲಿದ್ದವು. ಆ ಹೊಟ್ಟೆ ಹೊತ್ತುಕೊಂಡು ಅವನು ಅಕ್ಷತಾಳ ಜೊತೆ ತಿರುಗುವ ತೊಟ್ಟಿಲಲ್ಲಿ ಕೂತ. ಇಳಿದಾಗ ಅವನ ಮುಖ ಕಬ್ಬಿನ ಎಲೆಯ ಬಣ್ಣಕ್ಕೆ ತಿರುಗಿತ್ತು.

ಅಕ್ಷತಾಳ ಹೊಟ್ಟೆ ಮಾತ್ರ ಖಾಲಿ. ಪಾವ್ ಭಾಜಿಯವನಿಗೆ ಬೆಣ್ಣೆ ಬೇಡವೆಂದರೆ, ಮೊದಲ ಸಲ ಬಂದೀರಿ ಎಂದು ಪ್ರೀತಿಯಿಂದ ಎರಡು ಪಟ್ಟು ಹಾಕಿದ. ಮೆಕ್ಕೆತೆನೆ ಸುಡುವವನೂ ಬೆಣ್ಣೆಯಲ್ಲೇ ಅದನ್ನು ಹೊರಳಿಸಿದ. ಮಿರ್ಚಿ ಬಜ್ಜಿಯಲ್ಲಿ ಹಾಲಿನ ಹನಿಯೂ ಇರಲಿಲ್ಲ, ಆದರೆ ತಟ್ಟೆ ಅಕ್ಷತಾಳ ಕೈಗೆ ಬರುವಷ್ಟರಲ್ಲಿ ಮುತ್ತವ್ವ ಚಾಪೆಯಿಂದೆದ್ದು ಓಡಿ ಬಂದು, ಉಪವಾಸ ಕೆಡುತ್ತದೆಂದು ಕಸಿದುಕೊಂಡು ಹೋದಳು. ಸಿಕ್ಕಿದ್ದು ಕಬ್ಬಿನ ಹಾಲೊಂದೇ. ಹೆಸರಿನಲ್ಲಿ ಹಾಲಿದ್ದರೂ ಅದರಲ್ಲಿ ಎಮ್ಮೆಯ ಪಾಲಿರಲಿಲ್ಲ, ಹೊಟ್ಟೆ ತುಂಬುವ ಗುಣವೂ ಇರಲಿಲ್ಲ.

"ನಿಮ್ಮ ಅವ್ವಾರಿಗೆ ಹೇಳೀರೋ ಇಲ್ಲೋ?" ಎಂದು ಅಕ್ಷತಾ ಕೇಳಿದಳು. ಬಜ್ಜಿ ಕಸಿದದ್ದು ಅವಳಿಗೆ ವಿಚಿತ್ರವೆನಿಸಿತ್ತು.

"ಹೇಳೀನ್ರಿ" ಎಂದ ಗುರುಸಿದ್ದ. ಅವಳು ಇನ್ನೊಂದು ಪ್ರಶ್ನೆ ಕೇಳುವ ಮೊದಲೇ ಎದುರಿಗಿದ್ದ ಭೂತಬಂಗಲೆಗೆ ಅವಳನ್ನು ಕರೆದುಕೊಂಡು ನುಗ್ಗಿದ. ತಾಯಿಗೆ ದೆವ್ವವೆಂದರೆ ಹೆದರಿಕೆ. ಅಲ್ಲಿಗೆ ಮಾತ್ರ ಅವಳು ಬರುವುದಿಲ್ಲವೆಂಬುದು ಅವನ ಲೆಕ್ಕ.

ಒಳಗೆ ಕತ್ತಲು. ತಲೆಯ ಮೇಲಿಂದ ಬಾವಲಿ ಹಾರಿತು, ಬಿಳಿ ಸೀರೆಯ ಗೊಂಬೆ ನಕ್ಕಿತು. ಇಬ್ಬರೂ ಹೆದರಲಿಲ್ಲ. ಆದರೆ ಮೂಲೆಯಲ್ಲಿ ಕೂತ ಅಸ್ಥಿಪಂಜರದ ಕಡೆಯಿಂದ ಕರುಂ ಕುರುಂ ಎಂದು ಎಲುಬು ಅಗಿಯುವ ಸದ್ದು ಬಂತು. ಸ್ವಲ್ಪ ಹೊತ್ತು ನಿಂತು, ಮತ್ತೆ ಕರುಂ ಕುರುಂ. ಆಮೇಲೆ ತೃಪ್ತಿಯ ದೊಡ್ಡದೊಂದು ತೇಗು. ಗುರುಸಿದ್ದ ಪಾರ್ಕಿಗೆಲ್ಲ ಕೇಳುವಂತೆ ಚೀರಿದ. ಅಕ್ಷತಾ ಮೊಬೈಲಿನ ಬೆಳಕು ಹಾಯಿಸಿ ಮುಂದೆ ಹೋದಳು.

ಅಸ್ಥಿಪಂಜರದ ಪಕ್ಕದಲ್ಲಿ ಮುರಗೆಪ್ಪ ಕಾಲು ಮಡಚಿ ಕೂತಿದ್ದ. ಸೀರೆಯ ಗಂಟು ಬಿಚ್ಚಿತ್ತು. ಒಂದೊಂದು ಸೀರೆಯ ಮಡಿಕೆಯಲ್ಲೂ ಒಂದೊಂದು ಕಡಕ್ ರೊಟ್ಟಿ, ಮಧ್ಯದಲ್ಲಿ ಡಬ್ಬಿ ತುಂಬ ಶೇಂಗಾ ಚಟ್ನಿ, ಪಕ್ಕದಲ್ಲಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ.

"ಲೇ ಗುರು, ನಿಮ್ಮ ಅವ್ವಗ ಹೇಳಬ್ಯಾಡಪಾ" ಎಂದ ಮುರಗೆಪ್ಪ. "ಆ ಉಪಾಸ ನನ್ನ ಕೈಲೆ ಆಗೂದಿಲ್ಲ."

ಅಕ್ಷತಾ ರೊಟ್ಟಿಯನ್ನೇ ನೋಡುತ್ತಿದ್ದಳು. ಇದಕ್ಕೆ ತುಪ್ಪವನ್ನೇನಾದರೂ ಹಚ್ಚಿದ್ದೀರಾ ಎಂದು ಕೇಳಿದಳು. ಜೋಳದ ಹಿಟ್ಟು, ನೀರು, ಬೆಂಕಿ ಬಿಟ್ಟರೆ ಮತ್ತೇನಿಲ್ಲ ಎಂದ ಮುರಗೆಪ್ಪ. ಚಟ್ನಿಯಲ್ಲಿ? ಶೇಂಗಾ, ಖಾರ, ಬೆಳ್ಳುಳ್ಳಿ, ಉಪ್ಪು. ಅವಳು ಅಲ್ಲೇ ಕೂತು, ಅಸ್ಥಿಪಂಜರಕ್ಕೆ ಒರಗಿ, ಕರುಂ ಎಂದು ಮುರಿದಳು. ಬೆಳಗಿನಿಂದ ಹಸಿದವಳು ಉಣ್ಣುವುದನ್ನು ನೋಡಿ ಗುರುಸಿದ್ದನಿಗೆ ಖುಷಿಯಿಂದ ಅಳುವೇ ಬಂತು.

ಅಷ್ಟರಲ್ಲಿ ಬಾಗಿಲ ಪರದೆ ಹರಿದು ಹೋಗುವಂತೆ ಮುತ್ತವ್ವ ನುಗ್ಗಿದಳು. ಮಗನ ಚೀರಾಟ ಕೇಳಿ ದೆವ್ವದ ಹೆದರಿಕೆ ಬಿಟ್ಟು ಓಡಿ ಬಂದಿದ್ದಳು. ದಾರಿಗಡ್ಡ ಬಂದ ಬಿಳಿ ಸೀರೆಯ ಗೊಂಬೆಗೆ ತುಪ್ಪದ ಡಬ್ಬಿಯಿಂದ ಒಂದು ಏಟನ್ನೂ ಬಿಟ್ಟಿದ್ದಳು. ಈಗ ಗಂಡನನ್ನು ನೋಡಿದಳು, ರೊಟ್ಟಿ ನೋಡಿದಳು, ಕೊನೆಗೆ ವ್ರತದ ಹುಡುಗಿಯ ಕೈಯಲ್ಲಿದ್ದ ಅರ್ಧ ಉಳ್ಳಾಗಡ್ಡಿ ನೋಡಿದಳು.

"ಉಪಾಸದಾಗ ಉಳ್ಳಾಗಡ್ಡಿ ತಿಂತೀಯೇನವಾ?" ಎಂದು ಮೆಲ್ಲಗೆ ಕೇಳಿದಳು.

"ಯಾರದ ಉಪಾಸರಿ ಕಾಕೂ?" ಎಂದಳು ಅಕ್ಷತಾ. ಇಬ್ಬರೂ ಗುರುಸಿದ್ದನ ಕಡೆ ತಿರುಗಿದರು. ಅಸ್ಥಿಪಂಜರವೂ ತಿರುಗಿದಂತೆ ಅವನಿಗೆ ಕಂಡಿತು.

ಬೇರೆ ದಾರಿಯಿರಲಿಲ್ಲ. ಅವನು ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ವ್ರತವಿಲ್ಲ, ಏನೂ ಇಲ್ಲ, ಹುಡುಗಿ ಹಾಲು-ತುಪ್ಪ ಯಾವತ್ತೂ ತಿನ್ನುವುದಿಲ್ಲ, ಬೆಳಗಿನಿಂದ ಕುಡಿದದ್ದೆಲ್ಲ ತಾನೇ ಎಂದ. ಆಮೇಲೆ ಅಕ್ಷತಾಳಿಗೆ, "ಹೇಳಿದ್ರ ಅವ್ವ ಒಲ್ಲೆ ಅಂತಾಳ, ಹೇಳಲಿಲ್ಲಂದ್ರ ನೀವು ಒಲ್ಲೆ ಅಂತೀರಿ. ನನಗ ನೀವು ಬೇಕಾಗಿತ್ರಿ. ಅದಕ್ಕ ಸುಳ್ಳ ಹೇಳಿದೆ" ಎಂದ.

ಮುರಗೆಪ್ಪ ಬಾಯಲ್ಲಿದ್ದ ರೊಟ್ಟಿಯನ್ನು ಸದ್ದಾಗಬಾರದೆಂದು ನೆನೆಯಲು ಬಿಟ್ಟ.

ಮುತ್ತವ್ವ ಹುಡುಗಿಯ ಎದುರು ಕುಕ್ಕರಗಾಲಲ್ಲಿ ಕೂತಳು. "ಎಮ್ಮಿ ಕಂಡ್ರ ಆಗೂದಿಲ್ಲೇನವಾ ನಿನಗ?"

"ಎಮ್ಮಿ ಅಂದ್ರ ನನಗ ಜೀವರಿ ಕಾಕೂ. ಅದಕ್ಕ ಒಲ್ಲೆ ಅನ್ನೂದು."

ಮುತ್ತವ್ವನಿಗೆ ಪೂರ್ತಿ ತಿಳಿಯಲಿಲ್ಲ. ಆದರೆ ಎಮ್ಮೆಯ ಮೇಲೆ ಜೀವವಿರುವ ಹುಡುಗಿ ಕೆಟ್ಟವಳಾಗಿರಲು ಸಾಧ್ಯವಿಲ್ಲವೆಂಬುದು ಅವಳಿಗೆ ತಿಳಿಯಿತು. ಇಡೀ ಮನೆಯನ್ನು ಸುಮ್ಮನೆ ಉಪವಾಸ ಕೂರಿಸಿದೆಯಲ್ಲೋ ಎಂದು ಮಗನಿಗೆ ಬೈದು, ತಾನೂ ಒಂದು ರೊಟ್ಟಿ ಎಳೆದುಕೊಂಡಳು. ಅವಳಿಗೂ ಹಸಿವಾಗಿತ್ತು. ಬೈಯುತ್ತಲೇ ತುಪ್ಪದ ಡಬ್ಬಿ ತೆರೆದು ಗಂಡನ ರೊಟ್ಟಿಗೆ ಹಾಕಿದಳು, ತನ್ನದಕ್ಕೆ ಹಾಕಿಕೊಂಡಳು. ಬಾಯಿ ಬೈಗುಳದಲ್ಲಿತ್ತು, ಕೈ ತನ್ನ ಪಾಡಿಗೆ ಅಕ್ಷತಾಳ ರೊಟ್ಟಿಯ ಕಡೆ ಹೊರಟಿತು.

ಗುರುಸಿದ್ದ ತಟ್ಟನೆ ರೊಟ್ಟಿಯ ಮೇಲೆ ಬೊಗಸೆ ಒಡ್ಡಿದ. ತುಪ್ಪವೆಲ್ಲ ಅವನ ಕೈಯಲ್ಲಿ ಬಿತ್ತು. ಒಂದು ಹನಿಯೂ ಕೆಳಗೆ ಸೋರಲಿಲ್ಲ.

ಮುತ್ತವ್ವ ಮಗನ ಬೊಗಸೆ ನೋಡಿದಳು. "ದಿನಾ ಹಿಂಗ ಕೈ ಒಡ್ಡಾಂವೇನು ನೀ?"

"ಒಡ್ಡತೀನಿ" ಎಂದ ಗುರುಸಿದ್ದ.

ಅಕ್ಷತಾ ರೊಟ್ಟಿಯ ಕೊನೆಯ ಚೂರಿನಿಂದ ಚಟ್ನಿ ಒರೆಸಿ ಬಾಯಿಗಿಟ್ಟುಕೊಂಡಳು. ಹೊಟ್ಟೆ ತುಂಬಿತೆಂದು ಮುರಗೆಪ್ಪನಿಗೆ ಹೇಳಿದಳು. ಆಮೇಲೆ ಬೆಳಗಿನಿಂದ ಚಿಕ್ಕಮ್ಮನಿಗೆ ಅನ್ನುವಂತೆ ಕಾಕೂ ಎನ್ನುತ್ತಿದ್ದವಳು ಮುತ್ತವ್ವನ ಕಡೆ ತಿರುಗಿ, "ಅತ್ತಿಯಾರ, ಸುಳ್ಳ ಹೇಳಿದ್ದಕ್ಕ ಅವರ ಕೈಯಾಗ ಇನ್ನೊಂದು ಚಮಚಾ ಹಾಕ್ರಿ" ಎಂದಳು.

ಮುತ್ತವ್ವ ಡಬ್ಬಿಯನ್ನೇ ಬೋರಲು ಹಾಕಿದಳು. ಗುರುಸಿದ್ದ ಕಣ್ಣು ಮುಚ್ಚಿ ಬೊಗಸೆ ಎತ್ತಿ ಕುಡಿದ.