ಮಹಾದೇವಮ್ಮನಿಗೆ ಲಕ್ವ ಹೊಡೆದದ್ದು

ಇನ್ನು ಮೇಲೆ ಎಲ್ಲರೂ ದಿನಾ ಆಫೀಸಿಗೇ ಬರತಕ್ಕದ್ದು ಎಂದು ಮೊಬೈಲಿಗೆ ಸುತ್ತೋಲೆ ಬಂದ ದಿನ ಉದಯಕುಮಾರ್ ಮಧ್ಯಾಹ್ನದ ಊಟವನ್ನೇ ಮುಟ್ಟಲಿಲ್ಲ. ಕೊರೊನಾ ಕಾಲದಲ್ಲಿ ಮನೆಗೆ ಕಳಿಸಿದವರು ಅವರೇ, ಮನೆಯಿಂದಲೇ ಚೆನ್ನಾಗಿ ನಡೆಯುತ್ತಿದೆ ಎಂದು ಬೆನ್ನು ತಟ್ಟಿದವರೂ ಅವರೇ. ಈಗ ಇದ್ದಕ್ಕಿದ್ದಂತೆ ಎಲ್ಲರ ಮುಖ ನೋಡಬೇಕಂತೆ! ನೋಡಿ ಏನು ಮಾಡುತ್ತಾರೆ, ಆರತಿ ಎತ್ತುತ್ತಾರೆಯೇ? ಆಫೀಸು ಇದ್ದದ್ದು ಕೊಳ್ಳೇಗಾಲದಲ್ಲಿ, ಇವನ ಮನೆ ಹನೂರು ದಾಟಿ ಬೆಟ್ಟದ ರಸ್ತೆಯ ಪಕ್ಕದ ಊರಿನಲ್ಲಿ. ಆರೂವರೆಯ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಹೋಗಬೇಕು, ಸಂಜೆ ಮತ್ತೆ ಅದೇ ಪಾಡು. ಆಸ್ಪತ್ರೆಗಳಿಂದ ಬರುವ ಕಾಗದ ಓದಿ ವಿಮೆಯವರಿಗಾಗಿ ಕಂಪ್ಯೂಟರಿಗೆ ಏರಿಸುವ ಕೆಲಸಕ್ಕೆ ಕೊಳ್ಳೇಗಾಲದ ಕುರ್ಚಿಯೇ ಆಗಬೇಕೇ? ಇಷ್ಟು ವರ್ಷ ಜಗಲಿ ಪಕ್ಕದ ಕೋಣೆಯಲ್ಲಿ ಕೂತು ಒಂದು ತಪ್ಪಿಲ್ಲದೆ ಮಾಡಿದ್ದ. ಮಧ್ಯಾಹ್ನ ಬಿಸಿ ಮುದ್ದೆ, ನಾಲ್ಕು ಗಂಟೆಗೆ ಮಗಳನ್ನು ಸ್ಕೂಲಿನಿಂದ ಕರೆತರುವುದು, ಇದೆಲ್ಲ ಒಂದು ಸುತ್ತೋಲೆಗೆ ಹೋಗಿಬಿಡುತ್ತದೆ ಎಂದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ?

ಸಿಟ್ಟು ನ್ಯಾಯವಾದದ್ದೇ. ಆ ಸಿಟ್ಟಿನಲ್ಲಿ ಮಾಡಿದ ಕೆಲಸ ಮಾತ್ರ ನಾಲ್ಕು ಜನರ ಮುಂದೆ ಹೇಳುವಂಥದ್ದಲ್ಲ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ ಮಾತ್ರ ವಿನಾಯಿತಿಗೆ ಅರ್ಜಿ ಹಾಕಬಹುದು ಎಂದು ಸುತ್ತೋಲೆಯ ಕೊನೆಯಲ್ಲಿತ್ತು. ದಿನಕ್ಕೆ ನಲವತ್ತು ರೋಗಿಗಳ ಕಾಗದ ಓದುವವನಿಗೆ ಹೊಸದಾಗಿ ಒಬ್ಬ ರೋಗಿಯನ್ನು ಹುಟ್ಟಿಸುವುದು ಎಷ್ಟರ ಕೆಲಸ? ತಾಯಿ ಮಹಾದೇವಮ್ಮನಿಗೆ ಲಕ್ವ ಹೊಡೆದಿದೆ, ಎಡಗೈ ಎಡಗಾಲು ಬಿದ್ದುಹೋಗಿವೆ, ಬಾಯಿ ಸೊಟ್ಟಗಾಗಿದೆ, ಪಕ್ಕದಲ್ಲಿ ಒಬ್ಬರು ಇರಲೇಬೇಕು ಎಂದು ಬರೆದ. ಡಾಕ್ಟರ ಚೀಟಿ ಕೇಳದಿರಲಿ ಎಂದು, ನಾಟಿ ಔಷಧ ನಡೆಯುತ್ತಿದೆ ಎಂದೂ ಸೇರಿಸಿದ. ಅವನು ಅದನ್ನು ಬರೆಯುವ ಹೊತ್ತಿಗೆ ಮಹಾದೇವಮ್ಮ ಹಿತ್ತಲಲ್ಲಿ ತಲೆ ಮೇಲಿನ ಹುಲ್ಲಿನ ಹೊರೆ ಇಳಿಸುತ್ತಿದ್ದಳು. ಮೂರು ತಿಂಗಳ ವಿನಾಯಿತಿ ಸಿಕ್ಕಿತು. ನನ್ನ ಕೆಲಸ ನೋಡಿ ಮನೆಯಲ್ಲೇ ಇರಲು ಬಿಟ್ಟರು ಎಂದು ಮನೆಯಲ್ಲಿ ಹೇಳಿಕೊಂಡ.

ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಆಫೀಸಿನ ಯಶೋದ ಫೋನು ಮಾಡಿದಳು. ಆಫೀಸಿನ ಬಾಗಿಲು ತೆಗೆದು, ಎಲ್ಲರಿಗೂ ಟೀ ಕೊಡುವ ಪುಟ್ಟಸಿದ್ದಯ್ಯ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟಿದ್ದಾನಂತೆ. ಹರಕೆ ಬೇರೆ ಯಾರಿಗಾಗಿಯೂ ಅಲ್ಲ, ಉದಯನ ತಾಯಿಗಾಗಿ. ದಾರಿಯಲ್ಲೇ ಮನೆ ಇರುವುದರಿಂದ ಒಳಗೆ ಬಂದು, ಅರಿಶಿನದ ಬಟ್ಟೆಯಲ್ಲಿ ಕಾಸಿಟ್ಟು, ರೋಗಿಯ ಕೈಯಿಂದಲೇ ದೇವರಿಗೆ ಮುಡಿಪು ಕಟ್ಟಿಸಿಕೊಂಡು ಹೋಗುತ್ತಾನಂತೆ. ಬೆಳಿಗ್ಗೆಯೇ ಹನೂರು ಬಿಟ್ಟಾಯಿತಂತೆ. ಉದಯ ಫೋನು ಕೆಳಗಿಟ್ಟ. ಅಲ್ಲ, ಈ ಮುದುಕನಿಗೆ ಹರಕೆ ಹೊರು ಎಂದು ಹೇಳಿದವರು ಯಾರು?

ಹೊರಗೆ ಓಡಿ ಬಂದು ನೋಡಿದರೆ ರಸ್ತೆ ಪಕ್ಕದ ಚಪ್ಪರದಡಿ ಮಹಾದೇವಮ್ಮ ಬೆಟ್ಟಕ್ಕೆ ನಡೆಯುವವರಿಗೆ ಮಜ್ಜಿಗೆ ಕೊಡುತ್ತಿದ್ದಳು. ತುಂಬಿದ ಬಕೆಟ್ಟು ಎಡಗೈಯಲ್ಲಿತ್ತು. ಅವಳನ್ನು ಒಳಗೆ ಕರೆದು, ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ. ಬಾಯಿಗೆ ಬಂದಂತೆ ಬೈಯುತ್ತಾಳೆ ಎಂದುಕೊಂಡಿದ್ದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡಳು.

“ಯಾವ ಕಡೆ ಬಿದ್ದೋಗದ ಅಂತ ಬರ್ದಿದೀಯ್ಲಾ?”

“ಎಡಗಡೆ.”

ಮಂಚದ ಮೇಲೆ ಮಲಗಿ ಕಂಬಳಿ ಎಳೆದುಕೊಂಡಳು. ಸ್ವಲ್ಪ ಹೊತ್ತು ಸೂರು ನೋಡಿದಳು. ಆಮೇಲೆ ಬಾಯನ್ನು ಒಂದು ಪಕ್ಕಕ್ಕೆ ಸೊಟ್ಟ ಮಾಡಿ, ಇದು ಸರಿಯಾಗಿದೆಯೇ ಎಂಬಂತೆ ಮಗನ ಕಡೆ ನೋಡಿದಳು. ಉದಯ ಗೋಡೆಯ ಕಡೆ ತಿರುಗಿಕೊಂಡ. ಅವನ ಮೂವತ್ತಾರು ವರ್ಷದಲ್ಲಿ ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಪುಟ್ಟಸಿದ್ದಯ್ಯ ಬಂದ. ಬರಿಗಾಲು, ಒಂದು ಹೆಬ್ಬೆರಳಿಗೆ ಹಳೇ ಬಟ್ಟೆ ಸುತ್ತಿದ್ದ, ಅಂಗಾಲಿನಲ್ಲಿ ಬೊಬ್ಬೆಗಳು ಎದ್ದಿದ್ದವು. ಕುರ್ಚಿ ಬೇಡವೆಂದು ಮಂಚದ ಪಕ್ಕ ನೆಲದ ಮೇಲೆ ಕೂತ. ತನ್ನ ಹೆಂಡತಿ ಎರಡು ವರ್ಷ ಹೀಗೇ ಮಲಗಿದ್ದಳಂತೆ. ಟೀ ಕೊಡುವ ಕೆಲಸ ಮನೆಯಲ್ಲಿ ಕೂತು ಮಾಡುವುದಲ್ಲವಲ್ಲ, ಅವಳು ಹೋದಾಗಲೂ ಇವನು ಆಫೀಸಿನಲ್ಲಿ ಲೋಟ ತೊಳೆಯುತ್ತಿದ್ದನಂತೆ. ಅದಕ್ಕೇ, ಉದಯನ ಅರ್ಜಿಯನ್ನು ಮ್ಯಾನೇಜರು ಪಕ್ಕಕ್ಕಿಟ್ಟಾಗ ಇವನೇ ಹೋಗಿ ಕೈಮುಗಿದು, ಆ ಮನುಷ್ಯನಾದರೂ ತಾಯಿ ಪಕ್ಕ ಇರಲಿ ಬಿಡಿ ಎಂದು ಕೇಳಿಕೊಂಡಿದ್ದನಂತೆ. ಇದನ್ನೆಲ್ಲ ಅವನು ದೊಡ್ಡ ವಿಷಯವೇನಲ್ಲ ಎಂಬಂತೆ ಹೇಳುತ್ತಾ ಹೋದ, ಉದಯ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳುತ್ತಾ ನಿಂತ.

ಕೊನೆಗೆ ಪುಟ್ಟಸಿದ್ದಯ್ಯ ಮಡಿಲಿನಿಂದ ಅರಿಶಿನದ ಬಟ್ಟೆ ತೆಗೆದ. ಮಹಾದೇವಮ್ಮನ ಎಡಗೈಯನ್ನು, ನೋವಾದೀತು ಎಂಬಂತೆ, ಎರಡೂ ಕೈಯಲ್ಲಿ ಎತ್ತಿದ. ಅಂಗೈಯಲ್ಲಿ ಬಟ್ಟೆ ಇಟ್ಟು, ಕಾಸಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿದ. “ಮಾದಪ್ಪ, ಈ ಕೈ ನಿಂದು. ನೀನೇ ಎತ್ಸು,” ಎಂದು ಕಣ್ಣು ಮುಚ್ಚಿದ.

ಮಹಾದೇವಮ್ಮ ಮಗನ ಮುಖ ನೋಡಿದಳು. ಸುಮ್ಮನೆ ನೋಡಿದ್ದಲ್ಲ, ಅವನಿಗೆ ಹೊತ್ತು ಕೊಟ್ಟಳು. ಹೇಳಬೇಕಾಗಿದ್ದದ್ದು ಒಂದೇ ಮಾತು. ಉದಯನಿಗೆ ಆರೂವರೆಯ ಬಸ್ಸು ಕಂಡಿತು, ಮ್ಯಾನೇಜರನ ಮುಖ ಕಂಡಿತು, ಆಫೀಸಿನವರೆಲ್ಲ ನಗುವುದು ಕೇಳಿಸಿತು. ಅವನು ನೆಲ ನೋಡಿದ.

ಅವಳು ಕಂಬಳಿ ಸರಿಸಿ ಎದ್ದು ಕೂತಳು.

“ಈ ಕೈಗೇನೂ ಆಗಿಲ್ಲ ಕಣಪ್ಪ. ಮಾದಪ್ಪನ ಮುಡಿಪ ಇಡ್ಕಂಡು ಸುಳ್ಳಾಡಕ ನನ್ನಿಂದ ಆಗಲ್ಲ.”

ಮುಡಿಪನ್ನು ಆ ಎಡಗೈಯಿಂದಲೇ ಅವನ ಮುಂದಿಟ್ಟಳು. ಕೈ ಬರಿದಾದ ಮೇಲೆ ಇನ್ನೊಂದು ಮಾತು ಹೇಳಿದಳು.

“ಇಂಗ ಬರಿ ಅಂತ ನಾನೇ ಹಟ ಇಡ್ದೆ. ಅವನು ಬ್ಯಾಡ ಅಂದ. ಮಗ ಮನೇಲೇ ಇರ್ಲಿ ಅಂತ ನಂಗ ಆಸೆ.”

ಪುಟ್ಟಸಿದ್ದಯ್ಯ ತನ್ನ ಬೊಬ್ಬೆ ಎದ್ದ ಕಾಲನ್ನು ಒಮ್ಮೆ ನೋಡಿಕೊಂಡ. ಈಗಲಾದರೂ ಉದಯ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಮುದುಕ ಮುಡಿಪನ್ನು ಕಣ್ಣಿಗೊತ್ತಿಕೊಂಡು ಮಡಿಲಿಗೆ ಸೇರಿಸಿದ. ಹೊರಟದ್ದು ಹೊರಟಾಯಿತು, ಅವ್ವ ಹೀಗೇ ಗಟ್ಟಿಯಾಗಿರಲಿ ಎಂದು ಹೋಗಿ ಒಪ್ಪಿಸಿ ಬರುತ್ತೇನೆ ಎಂದು ಎದ್ದ. ನೀರು ಕುಡಿದು ಹೊರಗೆ ಬಂದವನು ಜಗಲಿಯ ಮೇಲೆ ಉದಯನ ಕೈ ಹಿಡಿದುಕೊಂಡ.

“ಅವ್ವನ್ನ ಬೋಯ್ಬ್ಯಾಡಿ ಸಾ. ವಯಸ್ಸಾದವ್ರು, ಮಗ ಕಣ್ಮುಂದ ಇರ್ಲಿ ಅನ್ಸ್ತದ. ಆಫೀಸ್ನಲ್ಲಿ ನಾ ಬಾಯ್ಬುಡಲ್ಲ, ನೀವು ಮನೇಲೇ ಕೆಲ್ಸ ಮಾಡ್ಕಳಿ.”

“ಆಯ್ತು, ಬೋಯಲ್ಲ,” ಎಂದ ಉದಯಕುಮಾರ್.

ಒಳಗೆ ಕಂಬಳಿ ಮಡಿಸುತ್ತಿದ್ದ ಮಹಾದೇವಮ್ಮನಿಗೆ ಅದು ಕೇಳಿಸಿತು.