ಬಾಗಿಲಿಗೆ ಕಟ್ಟಿದ ಕಾಡು ಲೋಳೆಸರ

೨೦೧೪ರ ಬೇಸಿಗೆಯಲ್ಲಿ, ಹ್ಯೂಸ್ಟನ್ ಪಕ್ಕದ ಕೇಟಿ ಊರಿನ ಸಂಗನಬಸಪ್ಪನ ಮನೆಯಲ್ಲಿ ಎ.ಸಿ. ಎಷ್ಟಿರಬೇಕೆಂದು ಒಂದು ಗಿಡ ನಿರ್ಧರಿಸುತ್ತಿತ್ತು.

ಆಸ್ಟಿನ್ನಿನ ನರ್ಸರಿಯಿಂದ ಅವನು ತಂದ ಕಾಡು ಲೋಳೆಸರ ಅದು. ಅದರ ತವರು ಆಫ್ರಿಕಾದ ಬೆಟ್ಟದ ಮೇಲಿನ ಕಲ್ಲು ಹುಲ್ಲುಗಾವಲು. ಚಳಿಗಾಲಕ್ಕೆ ಅಲ್ಲಿ ಹಿಮ ಬೀಳುತ್ತದೆ. ಹ್ಯೂಸ್ಟನ್ ಸೀಮೆಯ ಜಿಗುಟು ಸೆಕೆ ಅದಕ್ಕೆ ಒಗ್ಗಲಿಲ್ಲ. ಸುಳಿಯಂತೆ ಸುತ್ತಿಕೊಂಡ ಎಲೆಗಳು ಬುಡದಿಂದ ಕಂದತೊಡಗಿದವು. ಅವನು ಫ್ರಿಜ್ಜಿನ ನೀರು ಹನಿಸಿದ, ಫ್ಯಾನ್ ಇಟ್ಟ, ಕೊನೆಗೆ ಎಲ್ಲಕ್ಕಿಂತ ತಣ್ಣಗಿದ್ದ ಕೋಣೆಗೆ ಕುಂಡವನ್ನು ಸಾಗಿಸಿದ. ಆ ಕೋಣೆಯಲ್ಲಿ ಅತ್ತೆ ಹೊನ್ನಮ್ಮ ಇದ್ದರು. ಮಗಳನ್ನು ನೋಡಲು ಬಾಗಲಕೋಟೆಯಿಂದ ಬಂದವರು. ಅವರು ಸ್ವೆಟರ್ ಹಾಕಿಕೊಂಡು ಮಲಗಿದರು.

ಸಂಗನಬಸಪ್ಪ ಆಫೀಸಿನ ಕೆಲಸಕ್ಕೆ ಡಾಲಸ್‌ಗೆ ಹೋಗಿ ಒಂದು ವಾರ ಬಿಟ್ಟು ಬಂದರೆ, ಗಿಡ ಮುಂಬಾಗಿಲಲ್ಲಿ ನೇತಾಡುತ್ತಿತ್ತು. ಬೇರು ಮೇಲೆ, ತಲೆ ಕೆಳಗೆ. ಕೆಂಪು ದಾರ, ಒಂದು ನಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ.

"ಅವ್ವ ಕಟ್ಟ್ಯಾಳ. ನನ್ನ ಕೇಳಬ್ಯಾಡ್ರಿ," ಎಂದು ಹೆಂಡತಿ ವಸುಧಾ ಒಳಗೆ ಹೋದಳು.

"ಅತ್ತಿ, ಇದನ್ನ ಯಾಕ ಕಟ್ಟೀರಿ?"

"ಮನಿಗೆ ದೃಷ್ಟಿ ಆಗೈತ್ರಿ. ಇಷ್ಟು ಜ್ವಾಕಿ ಮಾಡಿದ ಗಿಡಾನೂ ಏಳವಲ್ದು ಅಂದ್ರ ಮತ್ತೇನು? ಊರಾಗ ಲೋಳೆಸರ ಕಟ್ಟೂದಿಲ್ಲೇನು?"

"ಇದು ಆ ಲೋಳೆಸರ ಅಲ್ಲರಿ."

"ಮುಳ್ಳು ಅದಾವಲ್ರಿ."

ಬಿಚ್ಚಲೆಂದು ಸಂಗನಬಸಪ್ಪ ಕುರ್ಚಿ ಹತ್ತಿದ. ಹತ್ತಿದವನು ಹಾಗೇ ನಿಂತ. ಕೊಳೆತು ಅಂಟಂಟಾಗಿದ್ದ ಬೇರುಗಳು ಗಾಳಿಗೆ ಒಣಗಿ ಉದುರಿದ್ದವು. ಬುಡದಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗೆ ಹೊಸ ಬೇರು ಇಣುಕುತ್ತಿತ್ತು.

"ಅಮಾಸಿ ತನಕ ಬಿಚ್ಚಬ್ಯಾಡ್ರಿ," ಎಂದರು ಹೊನ್ನಮ್ಮ ಕೆಳಗಿನಿಂದ.

"ಇರಲಿ ಬಿಡ್ರಿ," ಎಂದು ಸಂಗನಬಸಪ್ಪ ಕುರ್ಚಿ ಇಳಿದ. ಪಕ್ಕದ ಮನೆಯವರು ಇದು ಹಬ್ಬದ ಅಲಂಕಾರವೇ ಎಂದು ಕೇಳಿದಾಗ ಹೌದೆಂದ.

ಅಮಾವಾಸ್ಯೆ ಕಳೆದ ಮೇಲೆ ಗಿಡವನ್ನು ಇಳಿಸಿ, ಮಣ್ಣು ಕಡಿಮೆ ಮಾಡಿ, ಜಲ್ಲಿಯಲ್ಲಿ ನೆಟ್ಟ. ಹೊನ್ನಮ್ಮ ಇಂಡಿಯನ್ ಅಂಗಡಿಯ ಲೋಳೆಸರ ತರಿಸಿ ಆ ಜಾಗಕ್ಕೆ ಕಟ್ಟಿದರು. ಚಳಿಗಾಲಕ್ಕೆ ಮೊದಲೇ ಊರಿಗೆ ಹೊರಟುಹೋದರು.

ಜನವರಿಯಲ್ಲಿ ಹೊಸ ಎಲೆ ಬಂತು. ಆವರೆಗೆ ಫೋನಿನಲ್ಲಿ ಅತ್ತೆಗೆ ಹೇಳಬೇಕಾದದ್ದನ್ನೆಲ್ಲ ವಸುಧಾಳ ಬಾಯಿಂದಲೇ ಹೇಳಿಸುತ್ತಿದ್ದವನು ಈ ಸಲ ತಾನೇ ಫೋನ್ ಮಾಡಿದ.

"ಅತ್ತಿ, ಎಲಿ ಬಂದೈತ್ರಿ."

"ಎಷ್ಟು?"

"ಒಂದರಿ."

"ಅಷ್ಟು ದಿನ ಜೋತು ಬಿದ್ದಿದ್ದಕ್ಕ ಒಂದ?" ಹಿಂದೆಯೇ ಕೇಳಿದರು: "ವಸುಧಾ ಆರಾಮ ಅದಾಳಿಲ್ರಿ?"

"ಅದಾಳ್ರಿ," ಎಂದ ಸಂಗನಬಸಪ್ಪ. ಆಮೇಲೆ ಎಲೆ ಯಾವ ಕಡೆಗೆ ಸುತ್ತುತ್ತಿದೆ ಎಂದು ವಿವರಿಸತೊಡಗಿದ.